ಅರ್ಧ ಕಿಲೋ ಅಕ್ಕಿಗೆ ಎರಡು ಕಾಯಿದೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಕಲ್ಲು ಕನ್ನಡಿಗರಿಗೆಲ್ಲ ಗೊತ್ತು. ಸುಮಾರು ಕ್ರಿ.ಶ. 450ರ ಕಾಲದ್ದೆಂದು ವಿದ್ವಾಂಸರು ಗುರುತಿಸುವ ಆ ಶಾಸನವನ್ನು ಕನ್ನಡ ನುಡಿಯ ಹಳೆಯ ಸಾಕ್ಷಿ ಎಂದು ಶಾಲೆಯ ಮಕ್ಕಳೂ ಓದುತ್ತಾರೆ. ಅದರ ಇನ್ನೊಂದು ಮುಖ ಅಷ್ಟಾಗಿ ಮಾತಿಗೆ ಬರುವುದಿಲ್ಲ. ವೀರನೊಬ್ಬನಿಗೆ ಕೊಟ್ಟ ದಾನವನ್ನು ದಾಖಲಿಸುವ ಆ ಕಲ್ಲು, ಅದನ್ನು ಕದ್ದವನನ್ನೂ ಕೆಡಿಸಿದವನನ್ನೂ ಮಹಾಪಾತಕಿಗಳೆಂದು ಕರೆಯುತ್ತದೆ. ಮುಂದೆ ಹೊಯ್ಸಳರ ಕಾಲದಲ್ಲಿ ಇದೇ ಸೀಮೆಯ ದೇವಾಲಯಗಳಿಗೆ ನೈವೇದ್ಯಕ್ಕೆಂದು, ಅನ್ನದಾನಕ್ಕೆಂದು ಗದ್ದೆಗಳನ್ನು ಬಿಟ್ಟಾಗಲೂ ಶಾಸನದ ಕೊನೆಗೆ ಅಂಥದೇ ಶಾಪ ಇರುತ್ತಿತ್ತು. ದಾನಕ್ಕೆ ಅಳುಪಿದವನಿಗೆ ವಾರಣಾಸಿಯಲ್ಲಿ ಹಸುಗಳನ್ನು ಕೊಂದ ಪಾಪ ಬರಲಿ ಎಂಬುದು ಆ ಶಾಪದ ಸಾಮಾನ್ಯ ರೂಪ.

ಕನ್ನಡದಲ್ಲಿ ಶಾಸನ ಎಂಬ ಮಾತಿಗೆ ಎರಡು ಅರ್ಥ. ಒಂದು ಕಲ್ಲಿನ ಬರಹ, ಇನ್ನೊಂದು ವಿಧಾನಮಂಡಲವೋ ಸಂಸತ್ತೋ ಮಾಡುವ ಕಾನೂನು. ಕಲ್ಲಿನ ಶಾಸನ ಪಾಪದ ಭಯವನ್ನು ನೆಚ್ಚಿತ್ತು. ಕಾಗದದ ಶಾಸನ ಕಲಮುಗಳನ್ನು ನೆಚ್ಚಿದೆ. ಎರಡೂ ಎದುರಿಸಬೇಕಾದ ಪ್ರಶ್ನೆ ಮಾತ್ರ ಒಂದೇ: ಒಬ್ಬರ ಹೊಟ್ಟೆಗೆಂದು ಮೀಸಲಿಟ್ಟ ಧಾನ್ಯ ಇನ್ನೊಬ್ಬರ ಜೇಬಿಗೆ ಹೋಗದಂತೆ ಕಾಯುವುದು ಹೇಗೆ?

ಹಾಸನದ ಅಂಚಿನ ಬೂವನಹಳ್ಳಿಯಿಂದ ಹಿಡಿದು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರೆಗೆ ಪಡಿತರ ಅಂಗಡಿಗೆ ಜನ ಇಟ್ಟಿರುವ ಹೆಸರು ‘ಸೊಸೈಟಿ’. ಅಂಗಡಿ ಸಹಕಾರ ಸಂಘದ್ದಾಗಿರಲಿ, ಖಾಸಗಿಯವರದಾಗಿರಲಿ, ಹೆಸರು ಅದೇ. ರಾಜ್ಯದಲ್ಲಿ ಇಂಥ ನ್ಯಾಯಬೆಲೆ ಅಂಗಡಿಗಳು ಸುಮಾರು 20,000 ಇವೆ. ಅಲ್ಲಿನ ತಕ್ಕಡಿಯಲ್ಲಿ ಅರ್ಧ ಕಿಲೋ ಕಡಿಮೆಯಾದರೆ ಕೇಳಲು ದೇಶದಲ್ಲಿ ಒಂದಲ್ಲ, ಎರಡು ದೊಡ್ಡ ಕಾಯಿದೆಗಳಿವೆ. ಆದರೂ ಅಕ್ಕಿ ಸೋರುವುದು ನಿಂತಿಲ್ಲ. ಏಕೆ ಎಂಬುದನ್ನು ತಿಳಿಯಲು ಆ ಕಾಯಿದೆಗಳು ಹುಟ್ಟಿದ ಕಾಲಕ್ಕೆ ಹೋಗಬೇಕು.

ಒಂದೇ ಯುದ್ಧದ ಎರಡು ಕೂಸು

ಎರಡನೆಯ ಮಹಾಯುದ್ಧ ಭಾರತದ ಆಡಳಿತಕ್ಕೆ ಎರಡು ಹೊಸ ತಲೆನೋವುಗಳನ್ನು ತಂದಿತು. ಮೊದಲನೆಯದು ಧಾನ್ಯದ ಅಭಾವ. 1942ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಆಹಾರ ಇಲಾಖೆ ಹುಟ್ಟಿತು. ಮರುವರ್ಷವೇ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಊರೂರಿಗೆ ಪಡಿತರ ಬಂತು. ಮೈಸೂರು ಸಂಸ್ಥಾನವೂ ಅದಕ್ಕೆ ಹೊರತಾಗಲಿಲ್ಲ. ಎರಡನೆಯದು ಗುತ್ತಿಗೆಗಳ ಹಣ. ಸೈನ್ಯಕ್ಕೆ ಸರಕು ಒದಗಿಸುವ ವ್ಯವಹಾರದಲ್ಲಿ ಲಂಚ ಹೆಚ್ಚಿದ್ದರಿಂದ ಅದನ್ನು ತನಿಖೆ ಮಾಡಲು 1941ರಲ್ಲಿ ವಿಶೇಷ ಪೊಲೀಸ್ ದಳವೊಂದನ್ನು ಕಟ್ಟಲಾಯಿತು. ಇಂದಿನ ಸಿ.ಬಿ.ಐ.ಗೆ ಮೂಲ ಆ ದಳವೇ.

ಯುದ್ಧ ಮುಗಿದರೂ ಅಭಾವವೂ ಮುಗಿಯಲಿಲ್ಲ, ಲಂಚವೂ ಮುಗಿಯಲಿಲ್ಲ. 1946ರಲ್ಲಿ ಅಗತ್ಯ ಸರಬರಾಜುಗಳ ತಾತ್ಕಾಲಿಕ ಅಧಿಕಾರ ಕಾಯಿದೆ ಬಂತು. ಮರುವರ್ಷ, 1947ರಲ್ಲಿ, ಭ್ರಷ್ಟಾಚಾರ ತಡೆ ಕಾಯಿದೆ ಬಂತು. ಮೊದಲನೆಯದು 1955ರಲ್ಲಿ ಅಗತ್ಯ ವಸ್ತುಗಳ ಕಾಯಿದೆಯಾಗಿ ಕಾಯಂ ಆಯಿತು. ಎರಡನೆಯದರ ಜಾಗಕ್ಕೆ 1988ರಲ್ಲಿ ಹೊಸ ಭ್ರಷ್ಟಾಚಾರ ತಡೆ ಕಾಯಿದೆ ಬಂತು. ಹೀಗೆ ಇವೆರಡೂ ಒಂದೇ ಕಾಲದ, ಒಂದೇ ಬೇಗೆಯಲ್ಲಿ ಹುಟ್ಟಿದ ಒಡಹುಟ್ಟುಗಳು. ಎರಡರಲ್ಲೂ ಮುಖ್ಯ ದಂಡನೆಯ ಕಲಂ ಏಳನೆಯದೇ ಆಗಿರುವುದು ಆಕಸ್ಮಿಕವಾದರೂ ನೆನಪಿಡಲು ಅನುಕೂಲ.

ಆದರೆ ಒಡಹುಟ್ಟುಗಳು ಬೇರೆ ಬೇರೆ ಮನೆಯಲ್ಲಿ ಬೆಳೆದವು. ಅಗತ್ಯ ವಸ್ತುಗಳ ಕಾಯಿದೆ ಕಾಯುವುದು ಸರಕನ್ನು. ಅಕ್ಕಿ ಎಲ್ಲಿಗೆ ಹೋಗಬೇಕಿತ್ತು, ಎಲ್ಲಿಗೆ ಹೋಯಿತು ಎಂಬುದು ಅದರ ವಿಚಾರ. ಅದನ್ನು ನಡೆಸುವವರು ಆಹಾರ ಇಲಾಖೆ, ತಹಶೀಲ್ದಾರರು, ಜಿಲ್ಲಾಧಿಕಾರಿ ಮತ್ತು ಠಾಣೆಯ ಪೊಲೀಸರು. ಹೆಚ್ಚಿನ ಉಲ್ಲಂಘನೆಗಳಿಗೆ ಮೂರು ತಿಂಗಳಿನಿಂದ ಏಳು ವರ್ಷದವರೆಗೆ ಸೆರೆವಾಸ ಉಂಟು. ಹಿಡಿದ ಮಾಲನ್ನು ಮುಟ್ಟುಗೋಲು ಹಾಕುವ ಅಧಿಕಾರ 6ಎ ಕಲಮಿನಂತೆ ಜಿಲ್ಲಾಧಿಕಾರಿಗೆ ಇದೆ. ಭ್ರಷ್ಟಾಚಾರ ತಡೆ ಕಾಯಿದೆ ಕಾಯುವುದು ಕುರ್ಚಿಯನ್ನು. ಸರ್ಕಾರಿ ಸೇವಕ ತನ್ನ ಕೆಲಸಕ್ಕೆ ಲಂಚ ಪಡೆದನೇ, ತನ್ನ ವಶಕ್ಕೆ ಒಪ್ಪಿಸಿದ ಸ್ವತ್ತನ್ನು ನುಂಗಿದನೇ ಎಂಬುದು ಅದರ ವಿಚಾರ. ಲಂಚಕ್ಕೆ ಈಗ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಸೆರೆವಾಸ. ಕರ್ನಾಟಕದಲ್ಲಿ ಈ ಕೆಲಸ ಲೋಕಾಯುಕ್ತ ಪೊಲೀಸರದು.

ಒಂದು ಕಾಯಿದೆ ಮೂಟೆಯನ್ನು ನೋಡುತ್ತದೆ, ಇನ್ನೊಂದು ನೋಟನ್ನು ನೋಡುತ್ತದೆ. ಪಡಿತರದ ಅಕ್ರಮ ನಡೆಯುವುದು ಮೂಟೆ ನೋಟಾಗುವ ಜಾಗದಲ್ಲಿ. ಆ ಜಾಗ ಎರಡರ ಕಣ್ಣಿಗೂ ಅರ್ಧವಷ್ಟೇ ಬೀಳುತ್ತದೆ.

ಕೈಯಿಂದ ಕೈಗೆ ಬರುವ ಮೂಟೆ

ಪಂಜಾಬಿನಲ್ಲೋ ಆಂಧ್ರದಲ್ಲೋ ಖರೀದಿಯಾದ ಅಕ್ಕಿ 1965ರಲ್ಲಿ ಸ್ಥಾಪನೆಯಾದ ಭಾರತ ಆಹಾರ ನಿಗಮದ ಗೋದಾಮಿಗೆ ಬರುತ್ತದೆ. ಅಲ್ಲಿಂದ ರಾಜ್ಯದ ಆಹಾರ ಮತ್ತು ನಾಗರಿಕ ಸರಬರಾಜು ನಿಗಮದ, ಇಲ್ಲವೇ ತಾಲ್ಲೂಕು ಮಾರಾಟ ಸಹಕಾರ ಸಂಘದ ಸಗಟು ಮಳಿಗೆಗೆ. ಅಲ್ಲಿಂದ ಗುತ್ತಿಗೆದಾರನ ಲಾರಿಯಲ್ಲಿ ನ್ಯಾಯಬೆಲೆ ಅಂಗಡಿಗೆ. ಅಂಗಡಿಯಿಂದ ಕಾರ್ಡುದಾರರ ಚೀಲಕ್ಕೆ. ಪ್ರತಿ ಹಂತದಲ್ಲೂ ಮೂಟೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತದೆ, ಒಂದು ಸಹಿ ಬೀಳುತ್ತದೆ.

ಸೋರಿಕೆಗೆ ಮೂಲ ಕಾರಣ ಯಾರ ದುರಾಸೆಯೂ ಅಲ್ಲ, ಎರಡು ಬೆಲೆ. ಒಂದೇ ಅಕ್ಕಿಗೆ ಸೊಸೈಟಿಯಲ್ಲಿ ಒಂದು ಬೆಲೆ, ಪೇಟೆಯಲ್ಲಿ ಇನ್ನೊಂದು. ಅಂತರ ಹೆಚ್ಚಿದಷ್ಟೂ ದುರಾಸೆಗೆ ದಾರಿ ಅಗಲವಾಗುತ್ತದೆ. 1980ರ ದಶಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಹಸಿರು ಕಾರ್ಡಿನ ಮೂಲಕ ಬಡವರಿಗೆ ಅಗ್ಗದ ಧಾನ್ಯ ಕೊಟ್ಟಾಗ ಈ ಅಂತರ ಬೆಳೆಯಿತು. ಪಡಿತರವನ್ನು ಬಡವರತ್ತ ತಿರುಗಿಸುವ ಚಿಂತನೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರಲ್ಲಿ, ಗಟ್ಟಿಗೊಂಡಿತು. 1997ರ ಜೂನಿನಲ್ಲಿ ದೇಶದಾದ್ಯಂತ ಬಡತನ ರೇಖೆಯ ಕೆಳಗಿನವರಿಗೆ ಒಂದು ಬೆಲೆ, ಮೇಲಿನವರಿಗೆ ಇನ್ನೊಂದು ಬೆಲೆ ಜಾರಿಗೆ ಬಂತು. 2013ರ ಜುಲೈನಲ್ಲಿ ಸಿದ್ದರಾಮಯ್ಯ ಸರ್ಕಾರ ಅನ್ನಭಾಗ್ಯವನ್ನು ತಂದು ಕಿಲೋಗೆ 1 ರೂಪಾಯಿಯಂತೆ ಅಕ್ಕಿ ಕೊಟ್ಟಿತು. 2015ರಲ್ಲಿ ಆ ಒಂದು ರೂಪಾಯಿಯೂ ಹೋಗಿ ಅಕ್ಕಿ ಉಚಿತವಾಯಿತು. ಬಡವರ ಪಾಲಿಗೆ ಇವೆಲ್ಲ ದೊಡ್ಡ ಆಸರೆ. ಆದರೆ ಕಳ್ಳನ ಪಾಲಿಗೂ ಪ್ರತಿಯೊಂದು ಕಿಲೋ ಹಿಂದಿಗಿಂತ ಬೆಲೆ ಬಾಳತೊಡಗಿತು.

ಇದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಒಂದು ಅಂಗಡಿಗೆ 500 ಕಾರ್ಡು, ಕಾರ್ಡಿಗೆ ನಾಲ್ಕು ಜನ, ತಲೆಗೆ ತಿಂಗಳಿಗೆ 5 ಕಿಲೋ ಎಂದು ಇಟ್ಟುಕೊಳ್ಳೋಣ. ಬರುವ ಅಕ್ಕಿ 100 ಕ್ವಿಂಟಲ್. ಕಾರ್ಡಿಗೆ ಅರ್ಧ ಕಿಲೋ ಮಾತ್ರ ಕಡಿಮೆ ತೂಗಿದರೆ ಉಳಿಯುವುದು 250 ಕಿಲೋ, ಅಂದರೆ 50 ಕಿಲೋದ ಐದು ಮೂಟೆ. ಪೇಟೆಯಲ್ಲಿ ಕಿಲೋಗೆ 30 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 7,500 ರೂಪಾಯಿ. ರಾಜ್ಯದ 20,000 ಅಂಗಡಿಗಳಲ್ಲೂ ಹೀಗೇ ಆಯಿತೆಂದರೆ ತಿಂಗಳಿಗೆ 50,000 ಕ್ವಿಂಟಲ್. ಇದು ನಿಜದ ಲೆಕ್ಕವಲ್ಲ, ಅರ್ಧ ಕಿಲೋ ಎಂಬುದು ಎಷ್ಟು ದೊಡ್ಡದಾಗಬಲ್ಲದು ಎಂಬುದರ ಅಂದಾಜು. ಹನಿಗೂಡಿದರೆ ಹಳ್ಳ ಎಂಬ ಗಾದೆ ಸೋರಿಕೆಗೂ ಸಲ್ಲುತ್ತದೆ.

ಮುಖ್ಯವಾದ ಮಾತೆಂದರೆ, 20 ಕಿಲೋದಲ್ಲಿ ಅರ್ಧ ಕಿಲೋ ಹೋದ ಮನೆಯವರು ಅದಕ್ಕಾಗಿ ಹಾಸನಕ್ಕೆ ಬಸ್ ಹತ್ತಿ ದೂರು ಕೊಡಲು ಹೋಗುವುದಿಲ್ಲ. ಬಸ್ಸಿನ ಚಾರ್ಜು ಮತ್ತು ಒಂದು ದಿನದ ಕೂಲಿ ಕಳೆದುಹೋದ ಅಕ್ಕಿಗಿಂತ ಹೆಚ್ಚಾಗುತ್ತದೆ.

ಬಣ್ಣ ತಿರುಗುವ ನೀರು

ಭ್ರಷ್ಟಾಚಾರ ತಡೆ ಕಾಯಿದೆಯಡಿ ನಡೆಯುವ ಕಾರ್ಯಾಚರಣೆಯ ಚಿತ್ರ ಪತ್ರಿಕೆ ಓದುವವರಿಗೆ ಪರಿಚಿತ. ಲಂಚ ಕೇಳಿದರೆಂದು ಒಬ್ಬರು ದೂರು ಕೊಡುತ್ತಾರೆ. ಪೊಲೀಸರು ನೋಟುಗಳಿಗೆ ಫಿನಾಫ್ತಲೀನ್ ಪುಡಿ ಸವರಿ ಅವರ ಕೈಗೆ ಕೊಡುತ್ತಾರೆ. ಪಂಚರ ಎದುರಿನಲ್ಲಿ ಹಣ ಕೈಬದಲಾಯಿಸುತ್ತದೆ. ಅಧಿಕಾರಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಹಜರು ಬರೆದಾಗುತ್ತದೆ.

ಈ ಏರ್ಪಾಟು ನಿಂತಿರುವುದು ದೂರುದಾರನ ಮೇಲೆ. ಖಾತೆ ಬದಲಾವಣೆಗೋ ಕಟ್ಟಡದ ಪರವಾನಗಿಗೋ ಲಂಚ ಕೊಡಬೇಕಾಗಿ ಬಂದವನಿಗೆ ತಾನು ಕಳೆದುಕೊಂಡದ್ದು ಎಷ್ಟು ಎಂದು ಚೆನ್ನಾಗಿ ಗೊತ್ತು. ಅವನು ದೂರು ಕೊಡಬಲ್ಲ. ಪಡಿತರದಲ್ಲಿ ಹಣ ಕೈಬದಲಾಯಿಸುವುದು ಅಂಗಡಿಯವರಿಗೂ ತಪಾಸಣೆಗೆ ಬರುವವರಿಗೂ ನಡುವೆ. ಮಾಮೂಲು ಕೊಟ್ಟವನಿಗೆ ತೂಕದಲ್ಲಿ ಲಾಭ, ಪಡೆದವನಿಗೆ ನಗದಿನಲ್ಲಿ ಲಾಭ. ಇಬ್ಬರೂ ಸಂತುಷ್ಟರಾಗಿರುವಾಗ ದೂರು ಕೊಡುವವರು ಯಾರು? ಅವರಿಬ್ಬರಿಗೆ ಜಗಳವಾದಾಗ, ಕೇಳುವ ಮೊತ್ತ ವಿಪರೀತವಾದಾಗ ಮಾತ್ರ ಪ್ರಕರಣ ಹೊರಬೀಳುತ್ತದೆ. ನಿಜವಾಗಿ ಕಳೆದುಕೊಂಡ ಕಾರ್ಡುದಾರರು ಆ ವ್ಯವಹಾರದಲ್ಲಿ ಪಕ್ಷಗಾರರೇ ಅಲ್ಲ. ಹೀಗಾಗಿ ಈ ಕಾಯಿದೆ ಒಳಒಪ್ಪಂದ ಮುರಿದಾಗ ಚುರುಕಾಗುತ್ತದೆ, ಒಳಒಪ್ಪಂದ ಗಟ್ಟಿಯಾಗಿದ್ದಷ್ಟೂ ಕುರುಡಾಗುತ್ತದೆ.

2018ರ ತಿದ್ದುಪಡಿ ಈ ಚಿತ್ರಕ್ಕೆ ಇನ್ನಷ್ಟು ಗೆರೆಗಳನ್ನು ಸೇರಿಸಿತು. ಲಂಚ ಕೊಡುವುದೂ ಸ್ವತಂತ್ರ ಅಪರಾಧವಾಯಿತು; ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ರಕ್ಷಣೆ. ಹೊಸ ಕಾರ್ಡಿಗಾಗಿ ಹಣ ತೆತ್ತ ಕೂಲಿಕಾರರಿಗೆ ಈ ಏಳು ದಿನದ ನಿಯಮ ಗೊತ್ತಿರುವ ಸಂಭವ ಕಡಿಮೆ. ಅಧಿಕಾರ ದುರುಪಯೋಗಪಡಿಸಿ ಇನ್ನೊಬ್ಬರಿಗೆ ಲಾಭ ಮಾಡಿಕೊಟ್ಟರೆ ಅದೇ ಅಪರಾಧ ಎನ್ನುತ್ತಿದ್ದ 13(1)(ಡಿ) ಕಲಮನ್ನು ತೆಗೆದುಹಾಕಲಾಯಿತು. ಪ್ರಾಮಾಣಿಕ ಅಧಿಕಾರಿಯ ತಪ್ಪು ನಿರ್ಧಾರವೂ ಅಪರಾಧವಾಗಿಬಿಡಬಾರದು ಎಂಬುದು ಇದಕ್ಕೆ ಕೊಟ್ಟ ಕಾರಣ. ಆ ಕಾರಣದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹಣ ಪಡೆದದ್ದಕ್ಕೆ ಸಾಕ್ಷಿ ಸಿಗದ, ಕಣ್ಣು ಮುಚ್ಚಿ ಸಹಿ ಹಾಕಿದ್ದು ಮಾತ್ರ ಕಾಣುವ ಪ್ರಕರಣಗಳಿಗೆ ಒದಗುತ್ತಿದ್ದ ಸಾಧನವೂ ಅದರ ಜೊತೆಗೆ ಹೋಯಿತು. ಅಧಿಕಾರಿಯ ತೀರ್ಮಾನ ಅಥವಾ ಶಿಫಾರಸಿನ ಬಗ್ಗೆ ತನಿಖೆಗೆ ಮುಂಚೆ ಸರ್ಕಾರದ ಒಪ್ಪಿಗೆ ಬೇಕೆನ್ನುವ 17ಎ ಕಲಂ ಸೇರಿತು. ತನ್ನ ವಶದಲ್ಲಿದ್ದ ಸ್ವತ್ತನ್ನು ನುಂಗುವುದು ಮಾತ್ರ ಹಿಂದಿನಂತೆಯೇ ಅಪರಾಧವಾಗಿ ಉಳಿಯಿತು. ಗೋದಾಮಿನ ಕಳವಿಗೆ ಮುಖ್ಯವಾಗಿ ಅನ್ವಯಿಸಬೇಕಾದದ್ದು ಅದೇ.

ನ್ಯಾಯಾಲಯದಲ್ಲಿ ದೂರುದಾರರೇ ಮಾತು ಬದಲಾಯಿಸಿ ಪ್ರಕರಣ ಬಿದ್ದುಹೋಗುವುದು ಹಳೆಯ ಕಥೆ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ನೀರಜ್ ದತ್ತಾ ಪ್ರಕರಣದಲ್ಲಿ, ದೂರುದಾರ ತೀರಿಕೊಂಡಿದ್ದರೂ ಪ್ರತಿಕೂಲ ಸಾಕ್ಷಿಯಾದರೂ ಸಾಂದರ್ಭಿಕ ಸಾಕ್ಷ್ಯದಿಂದ ಲಂಚದ ಬೇಡಿಕೆಯನ್ನು ಸಾಬೀತುಪಡಿಸಬಹುದು ಎಂದು ಹೇಳಿತು. ಇದು ದೊಡ್ಡ ಬಲ. ಆದರೆ ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಲೇಬೇಕೆಂಬ ಮೂಲ ನಿಯಮ ಉಳಿದೇ ಇದೆ.

ಇನ್ನೊಂದು ಕಾಯಿದೆಯ ಅನುಭವವೂ ಹೆಚ್ಚು ಬೇರೆಯಲ್ಲ. ರಾತ್ರಿ ಹೆದ್ದಾರಿಯಲ್ಲಿ ಲಾರಿಯೊಂದು ಸಿಕ್ಕಿಬೀಳುತ್ತದೆ. ಅಕ್ಕಿ ಮುಟ್ಟುಗೋಲಾಗುತ್ತದೆ, ಚಾಲಕನ ಮೇಲೆ ಮೊಕದ್ದಮೆ ಹೂಡಲಾಗುತ್ತದೆ. ಈ ಅಕ್ಕಿ ಯಾವ ಮಳಿಗೆಯಿಂದ ಹೊರಟಿತು, ಗೇಟ್ ಪಾಸಿಗೆ ಯಾರ ಸಹಿ ಇತ್ತು, ದಾಸ್ತಾನು ಪುಸ್ತಕದಲ್ಲಿ ಅದು ಹೇಗೆ ಸರಿಹೋಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದಾಗಲಷ್ಟೇ ಮೊದಲ ಕಾಯಿದೆ ಎರಡನೆಯದಕ್ಕೆ ಜೊತೆಯಾಗುತ್ತದೆ. ಪಾಲಿಶ್ ಆಗಿ ಬೇರೆ ಚೀಲಕ್ಕೆ ತುಂಬಿದ ಮೇಲಂತೂ ಇದು ಪಡಿತರದ ಅಕ್ಕಿಯೇ ಎಂದು ತೋರಿಸುವುದೇ ಕಷ್ಟ.

ಲೋಕಾಯುಕ್ತ ಹಾದಿಯ ಏಳುಬೀಳು

ಕರ್ನಾಟಕ ಲೋಕಾಯುಕ್ತ ಕಾಯಿದೆ 1984ರದು. ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದಾಗ ದಿಢೀರ್ ಭೇಟಿಗಳಿಂದ ಆ ಸಂಸ್ಥೆಯ ಹೆಸರು ಮನೆಮಾತಾಯಿತು. ಅವರ ನಂತರ ಬಂದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಕಾಲ ಗಣಿ ವರದಿಯಿಂದ ಪ್ರಸಿದ್ಧ. ಅದೇ ಅವಧಿಯಲ್ಲಿ ಪಡಿತರದ ಬಗ್ಗೆಯೂ ಒಂದು ದೊಡ್ಡ ವಿಚಾರಣೆ ನಡೆಯಿತೆಂಬುದು ಹಲವರಿಗೆ ಮರೆತಿದೆ. ಹೆಗ್ಗಡದೇವನಕೋಟೆ ಸೀಮೆಯಲ್ಲಿ ಬುಡಕಟ್ಟು ಜನರ ನಡುವೆ ಕೆಲಸ ಮಾಡಿದ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥಾಪಕ ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರಿಗೆ ಆ ಕೆಲಸವನ್ನು ಒಪ್ಪಿಸಲಾಗಿತ್ತು. 2011ರಲ್ಲಿ ಸಲ್ಲಿಕೆಯಾದ ವರದಿ ಸೋರಿಕೆಯನ್ನು ಅಂಗಡಿಯ ತಕ್ಕಡಿಯಲ್ಲಷ್ಟೇ ಹುಡುಕದೆ ಗೋದಾಮು, ಸಾಗಣೆ, ಕಾರ್ಡು ವಿತರಣೆಗಳಲ್ಲೂ ಹುಡುಕಿತು. ರಾಜ್ಯದಲ್ಲಿ ಇರುವ ಕುಟುಂಬಗಳಿಗಿಂತ ಕಾರ್ಡುಗಳೇ ಹೆಚ್ಚು ಎಂಬ ವಿಚಿತ್ರ ಆಗ ಸಾರ್ವಜನಿಕ ಚರ್ಚೆಗೆ ಬಂತು. ವರ್ಷಕ್ಕೆ ಆಗುವ ನಷ್ಟ ಸಾವಿರ ಕೋಟಿ ರೂಪಾಯಿಯನ್ನೂ ಮೀರುತ್ತದೆಂದು ವರದಿ ಅಂದಾಜಿಸಿತ್ತು.

ಒಬ್ಬ ಅಧಿಕಾರಿಯನ್ನು ಬಲೆಗೆ ಕೆಡಹುವುದಕ್ಕೂ ಇಡೀ ವ್ಯವಸ್ಥೆಯ ಲೆಕ್ಕ ತೆಗೆಯುವುದಕ್ಕೂ ಇರುವ ಅಂತರವನ್ನು ಈ ವಿಚಾರಣೆ ತೋರಿಸಿಕೊಟ್ಟಿತು. ಆದರೆ ಅಂಥ ಕೆಲಸಕ್ಕೆ ಬೇಕಾದ ಸ್ಥಿರತೆ ಸಂಸ್ಥೆಗೆ ಸಿಗಲಿಲ್ಲ. 2016ರ ಮಾರ್ಚಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂಬ ಹೊಸ ಸಂಸ್ಥೆ ಹುಟ್ಟಿ, ಲೋಕಾಯುಕ್ತ ಪೊಲೀಸರ ಅಧಿಕಾರ ಅದಕ್ಕೆ ಹೋಯಿತು. 2022ರ ಆಗಸ್ಟಿನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಆರು ವರ್ಷದಲ್ಲಿ ಕಡತಗಳು ಎರಡು ಸಲ ಮನೆ ಬದಲಾಯಿಸಿದವು.

ಕಾಯಿದೆ ಒಂದೇ, ಸೋರಿಕೆ ಬೇರೆ ಬೇರೆ

ಭ್ರಷ್ಟಾಚಾರ ತಡೆ ಕಾಯಿದೆಯೂ ಅಗತ್ಯ ವಸ್ತುಗಳ ಕಾಯಿದೆಯೂ ದೇಶಕ್ಕೆಲ್ಲ ಒಂದೇ. ಸೋರಿಕೆ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾಯಿದೆಯ ಶಕ್ತಿ ಎಷ್ಟು ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೆಝ್ ಮತ್ತು ರೀತಿಕಾ ಖೇರಾ ಅವರ ಅಂದಾಜಿನಂತೆ 2004-05ರಲ್ಲಿ ದೇಶದ ಪಡಿತರ ಧಾನ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ತಲುಪುತ್ತಿರಲಿಲ್ಲ. 2011-12ರ ಹೊತ್ತಿಗೆ ಅದು ಸುಮಾರು ಶೇ 42ಕ್ಕೆ ಇಳಿಯಿತು. ಛತ್ತೀಸಗಡದಲ್ಲಿ ಇದೇ ಅವಧಿಯಲ್ಲಿ ಸೋರಿಕೆ ಅರ್ಧದಿಂದ ಹತ್ತರಲ್ಲಿ ಒಂದರ ಆಸುಪಾಸಿಗೆ ಬಂತು. ಅಲ್ಲಿ ಹೊಸ ದಂಡಸಂಹಿತೆಯೇನೂ ಬಂದಿರಲಿಲ್ಲ. 2004ರ ಆದೇಶದಿಂದ ಅಂಗಡಿಗಳನ್ನು ಖಾಸಗಿಯವರಿಂದ ತೆಗೆದು ಪಂಚಾಯಿತಿ, ಸಹಕಾರ ಸಂಘ, ಮಹಿಳೆಯರ ಸಂಘಗಳಿಗೆ ಕೊಡಲಾಯಿತು. ಅಂಗಡಿ ನಡೆಸುವವರ ಕಮಿಷನ್ ಹೆಚ್ಚಾಯಿತು. ಪಡಿತರದ ಲಾರಿಗಳಿಗೆ ಹಳದಿ ಬಣ್ಣ ಬಳಿದು ಅವು ಎಲ್ಲಿ ಕಂಡರೂ ಗುರುತು ಹತ್ತುವಂತೆ ಮಾಡಲಾಯಿತು. ಜನಸಂಖ್ಯೆಯ ಬಹುಪಾಲು ಕಾರ್ಡಿನ ವ್ಯಾಪ್ತಿಗೆ ಬಂದದ್ದರಿಂದ ಕೇಳುವ ದನಿಗಳೂ ಹೆಚ್ಚಿದವು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2015ರಲ್ಲಿ ಅದೇ ರಾಜ್ಯದ ನಾಗರಿಕ ಪೂರೈಕೆ ನಿಗಮದ ಕಚೇರಿಗಳ ಮೇಲೆ ಭ್ರಷ್ಟಾಚಾರ ನಿಗ್ರಹ ದಳ ದಾಳಿ ಮಾಡಿ ಕೋಟಿಗಟ್ಟಲೆ ನಗದು ವಶಪಡಿಸಿಕೊಂಡಿತು. ಕಳಪೆ ಅಕ್ಕಿಯನ್ನು ಒಪ್ಪಿಕೊಳ್ಳಲು ಗಿರಣಿಗಳಿಂದ ಹಣ ಪಡೆಯಲಾಗುತ್ತಿತ್ತು ಎಂಬುದು ಆರೋಪ. ಅಂಗಡಿಯ ತೂತು ಮುಚ್ಚಿದಾಗ ಒತ್ತಡ ಮೇಲಕ್ಕೆ, ಕಾರ್ಡುದಾರರ ಕಣ್ಣು ತಲುಪದ ಕಡೆಗೆ ಹೋಗಿತ್ತು.

ಕರ್ನಾಟಕಕ್ಕೂ ಇದರಿಂದ ಕಲಿಯುವುದಿದೆ. 2010ರ ನಂತರದ ವರ್ಷಗಳಲ್ಲಿ ಮನೆಯ ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆಯನ್ನು ತಾಳೆ ನೋಡಿ ನಕಲಿ ಕಾರ್ಡುಗಳನ್ನು ಹುಡುಕಲಾಯಿತು. ಆಮೇಲೆ ಬೆರಳಚ್ಚು ಯಂತ್ರ ಬಂತು. ಇವುಗಳಿಂದ ಇಲ್ಲದವರ ಹೆಸರಿನ ಕಾರ್ಡುಗಳು ಕಡಿಮೆಯಾದವು. ಆದರೆ ಬೆರಳಚ್ಚು ಬಂದವರು ಯಾರೆಂದು ಹೇಳುತ್ತದೆ, ಚೀಲಕ್ಕೆ ಬಿದ್ದದ್ದು ಎಷ್ಟೆಂದು ಹೇಳುವುದಿಲ್ಲ. ಮಣ್ಣಿನ ಕೆಲಸದಲ್ಲಿ ಸವೆದ ಬೆರಳು, ನೆಟ್‌ವರ್ಕ್ ಸಿಗದ ಹಳ್ಳಿ, ಜೋಡಣೆಯಾಗದ ಆಧಾರ್ ಇವು ಅರ್ಹರನ್ನೇ ಹೊರಗಿಡುವ ಅಪಾಯವೂ ಉಂಟು. 2017ರಲ್ಲಿ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಸಹೋದರರು ತೀರಿಕೊಂಡಾಗ, ಪಡಿತರ ನಿಂತು ಹಸಿವಿನಿಂದಾದ ಸಾವು ಇದು ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿ.ಯು.ಸಿ.ಎಲ್. ಹೇಳಿತು, ಸರ್ಕಾರ ಅದನ್ನು ಒಪ್ಪಲಿಲ್ಲ. ಕಳ್ಳನನ್ನು ತಡೆಯಲು ಹಾಕಿದ ಬಾಗಿಲು ಹಸಿದವನನ್ನು ತಡೆಯಬಾರದು ಎಂಬ ಎಚ್ಚರ ಇಂಥ ಪ್ರಸಂಗಗಳಿಂದ ಬರಬೇಕು.

ಕೆಳಗೆ ಯಂತ್ರ ಬಂದರೂ ಮೇಲೆ ಏನಾಗುತ್ತದೆ ಎಂಬುದಕ್ಕೆ ಯಾದಗಿರಿ ಜಿಲ್ಲೆಯ ಶಹಾಪುರ ಉದಾಹರಣೆ. 2023ರ ಕೊನೆಯಲ್ಲಿ ಅಲ್ಲಿನ ಗೋದಾಮಿನಿಂದ ಅನ್ನಭಾಗ್ಯದ ಆರು ಸಾವಿರ ಕ್ವಿಂಟಲಿಗೂ ಹೆಚ್ಚು ಅಕ್ಕಿ ಕಾಣೆಯಾದದ್ದು ಬೆಳಕಿಗೆ ಬಂತು. ಮೇಲಿನ ಲೆಕ್ಕದ ಅಂಗಡಿ ಅರ್ಧರ್ಧ ಕಿಲೋ ಕದ್ದು ಇಷ್ಟು ಅಕ್ಕಿ ಕೂಡಿಸಬೇಕಾದರೆ 200 ವರ್ಷ ಬೇಕು.

ರಾಗಿ ಮಾರುವವರ ಸಾಲು

ಧಾನ್ಯದ ದಾರಿ ಹಳ್ಳಿಗೆ ಬರುವುದಷ್ಟೇ ಅಲ್ಲ, ಹಳ್ಳಿಯಿಂದ ಹೊರಡುವುದೂ ಉಂಟು. ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ರೈತರಿಗೆ ಇದು ಚೆನ್ನಾಗಿ ಗೊತ್ತು. ಕೇಂದ್ರ ಸರ್ಕಾರ ರಾಗಿಗೆ 2023-24ರಲ್ಲಿ ಕ್ವಿಂಟಲಿಗೆ 3,846 ರೂಪಾಯಿ, 2024-25ರಲ್ಲಿ 4,290 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. ಹೀಗೆ ಖರೀದಿಯಾದ ರಾಗಿಯೇ ಮುಂದೆ ಹಳೆಯ ಮೈಸೂರು ಸೀಮೆಯ ಪಡಿತರಕ್ಕೆ ಬರುತ್ತದೆ. ಪೇಟೆಯ ಬೆಲೆ ಬೆಂಬಲ ಬೆಲೆಗಿಂತ ಕೆಳಗಿದ್ದಾಗ ಇಲ್ಲಿಯೂ ಎರಡು ಬೆಲೆ ಹುಟ್ಟುತ್ತದೆ. ರೈತನ ಪಹಣಿಯ ಹೆಸರಿನಲ್ಲಿ ವ್ಯಾಪಾರಿಯ ರಾಗಿ ಒಳಗೆ ಬರಲು, ತೇವದ ನೆಪ ಹೇಳಿ ನಿಜವಾದ ರೈತನ ಚೀಲ ಹಿಂದೆ ಹೋಗಲು ಆಗ ಅವಕಾಶವಾಗುತ್ತದೆ.

ಕಾರ್ಡುದಾರನಿಗೂ ರಾಗಿ ಮಾರುವ ರೈತನಿಗೂ ಒಂದು ವ್ಯತ್ಯಾಸವಿದೆ. ಕಾರ್ಡುದಾರನಿಗೆ ಎಷ್ಟು ಹೋಯಿತೆಂದು ಗೊತ್ತಾಗುವುದಿಲ್ಲ. ರೈತನಿಗೆ ಒಂದೊಂದು ಕಿಲೋದ ಲೆಕ್ಕವೂ ಗೊತ್ತು. ಆದರೂ ಅವನು ಸುಮ್ಮನಿರುತ್ತಾನೆ. ಟ್ರ್ಯಾಕ್ಟರು ಸಾಲಿನಲ್ಲಿ ನಿಂತಿದೆ, ಬಾಡಿಗೆ ಏರುತ್ತಿದೆ, ಹಣ ಇನ್ನೂ ಖಾತೆಗೆ ಬರಬೇಕು. ದೂರು ಕೊಟ್ಟರೆ ಬರುವ ವರ್ಷವೂ ಅದೇ ಕೇಂದ್ರಕ್ಕೆ ಬರಬೇಕಲ್ಲ ಎಂಬ ಅಳುಕು ಬೇರೆ. ಕಾಯಿದೆ ಎಷ್ಟೇ ಬಿಗಿಯಾಗಿದ್ದರೂ ಅದರ ಬಾಗಿಲು ತಟ್ಟುವವರಿಗೆ ಕಾಯುವ ಶಕ್ತಿ ಇರಬೇಕಾಗುತ್ತದೆ.

ತಕ್ಕಡಿಯ ಮುಂದೆ ನಿಂತವರು

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಪಡಿತರವನ್ನು ದಾನದ ಸ್ಥಾನದಿಂದ ಹಕ್ಕಿನ ಸ್ಥಾನಕ್ಕೆ ಏರಿಸಿತು. 2001ರಲ್ಲಿ ಪಿ.ಯು.ಸಿ.ಎಲ್. ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಿಂದ ಶುರುವಾದ ಆಹಾರದ ಹಕ್ಕಿನ ಮೊಕದ್ದಮೆ ಅದಕ್ಕೆ ದಾರಿ ಮಾಡಿತ್ತು. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಎಂಬುದು ಈಗ ಸರ್ಕಾರದ ಕೃಪೆಯಲ್ಲ, ಕಾಯಿದೆಯ ಮಾತು. ಧಾನ್ಯ ಸಿಗದಿದ್ದರೆ ಆಹಾರ ಭದ್ರತಾ ಭತ್ಯೆ, ಪಡಿತರದ ದಾಖಲೆಗಳು ಸಾರ್ವಜನಿಕರಿಗೆ ಮುಕ್ತ, ಸಾಮಾಜಿಕ ಲೆಕ್ಕಪರಿಶೋಧನೆ, ಅಂಗಡಿಯ ಮಟ್ಟದಿಂದ ರಾಜ್ಯದ ಮಟ್ಟದವರೆಗೆ ಜಾಗೃತ ಸಮಿತಿ, ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ, ಇಷ್ಟೂ ಅದರಲ್ಲಿ ಇವೆ. ದೂರು ನೀಡಲು 1967 ಎಂಬ ಸಹಾಯವಾಣಿ ಸಂಖ್ಯೆಯೂ ಇದೆ.

ಭ್ರಷ್ಟಾಚಾರದ ಕಾಯಿದೆಗೆ ಇಲ್ಲದ ಒಂದು ಗುಣ ಇದಕ್ಕಿದೆ. ಇಲ್ಲಿ ಕಾರ್ಡುದಾರರೇ ಪಕ್ಷಗಾರರು. ಯಾರು ಯಾರಿಗೆ ಲಂಚ ಕೊಟ್ಟರೆಂದು ಅವರು ಸಾಬೀತು ಮಾಡಬೇಕಾಗಿಲ್ಲ. ತಮಗೆ ಬರಬೇಕಾದದ್ದು ಬರಲಿಲ್ಲ ಎಂದು ತೋರಿಸಿದರೆ ಸಾಕು. ಆದರೆ ಈ ಕಾಯಿದೆಗೆ ಹಲ್ಲು ಕಡಿಮೆ. ಕುಂದುಕೊರತೆ ಅಧಿಕಾರಿ ಹೇಳಿದ ಪರಿಹಾರವನ್ನು ಒದಗಿಸದ ಸರ್ಕಾರಿ ಸೇವಕನಿಗೆ ಆಯೋಗ ವಿಧಿಸಬಹುದಾದ ದಂಡ ಹೆಚ್ಚೆಂದರೆ 5,000 ರೂಪಾಯಿ. ಏಳು ವರ್ಷ ಸೆರೆಯ ಕಾಯಿದೆಗೆ ಹಸಿದವರ ದೂರು ತಲುಪುವುದಿಲ್ಲ. ದೂರು ತಲುಪುವ ಕಾಯಿದೆಗೆ ಶಿಕ್ಷಿಸುವ ಬಲ ಸಾಲದು.

ಇವುಗಳ ನಡುವೆ ಕೆಲಸ ಹಂಚಿಕೆ ಸರಿಯಾದರೆ ಪರಿಸ್ಥಿತಿ ಬದಲಾಗಬಹುದು. ತಕ್ಕಡಿಯ ಮಟ್ಟದ ಅರ್ಧ ಕಿಲೋಗೆ ಲೋಕಾಯುಕ್ತ ಪೊಲೀಸರನ್ನು ಕಾಯುವುದರಲ್ಲಿ ಅರ್ಥವಿಲ್ಲ. ಅದನ್ನು ಕಾಯಬಲ್ಲವರು ಮುಂದೆ ನಿಂತ ಜನ, ಗೋಡೆಯ ಮೇಲೆ ಎಲ್ಲರಿಗೂ ಕಾಣುವ ದಾಸ್ತಾನಿನ ಫಲಕ, ಬಿಲ್ ಕೊಡುವ ಯಂತ್ರಕ್ಕೆ ಜೋಡಿಸಿದ ತಕ್ಕಡಿ, ಹೆಸರಿಗಷ್ಟೇ ಅಲ್ಲದೆ ತಿಂಗಳಿಗೊಮ್ಮೆ ನಿಜವಾಗಿ ಸೇರುವ ಜಾಗೃತ ಸಮಿತಿ, ಮತ್ತು ಅಂಗಡಿಯವರು ಕದಿಯದೆಯೂ ಬದುಕಬಹುದಾದಷ್ಟು ಕಮಿಷನ್. ಗೋದಾಮು, ಸಾಗಣೆ, ಗುಣಮಟ್ಟದ ಪ್ರಮಾಣಪತ್ರ, ಖರೀದಿ ಕೇಂದ್ರ ಇವು ಜನರ ಕಣ್ಣು ಹೋಗದ ಜಾಗಗಳು. ದೂರಿಗೆ ಕಾಯದೆ, ದಾಸ್ತಾನಿನ ಲೆಕ್ಕವನ್ನೇ ದೂರು ಎಂದು ತಿಳಿದು, ಭ್ರಷ್ಟಾಚಾರ ತಡೆ ಕಾಯಿದೆ ಕೈ ಹಾಕಬೇಕಾದದ್ದು ಅಲ್ಲಿ. ನಮ್ಮಲ್ಲಿ ಬಹುಮಟ್ಟಿಗೆ ಇದು ತಿರುಗುಮುರುಗಾಗಿದೆ. ಸಣ್ಣ ನೋಟಿನೊಂದಿಗೆ ಸಣ್ಣ ನೌಕರ ಸಿಕ್ಕಿಬೀಳುತ್ತಾನೆ. ದೊಡ್ಡ ಕಳವು ಮೂಟೆಗಳು ಖಾಲಿಯಾದ ಮೇಲೆ ಗೊತ್ತಾಗುತ್ತದೆ.

ಅಕ್ಕಿಯ ಬದಲು ಹಣವನ್ನೇ ಕೊಟ್ಟುಬಿಟ್ಟರೆ ಈ ತಾಪತ್ರಯವೇ ಇಲ್ಲ ಎಂಬ ವಾದವೂ ಇದೆ. ಅದರ ಒಂದು ಪ್ರಯೋಗ ಕರ್ನಾಟಕದಲ್ಲೇ ನಡೆಯಿತು. ಹೆಚ್ಚುವರಿ 5 ಕಿಲೋ ಅಕ್ಕಿ ಸಿಗದಿದ್ದಾಗ, 2023ರ ಜುಲೈನಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಲಾಯಿತು. 2025ರ ಆರಂಭದಲ್ಲಿ ಸರ್ಕಾರ ಮತ್ತೆ ಅಕ್ಕಿಯನ್ನೇ ಕೊಡುವ ತೀರ್ಮಾನಕ್ಕೆ ಬಂತು. ಹಣ ತೂಕದಲ್ಲಿ ಕಡಿಮೆಯಾಗುವುದಿಲ್ಲ ನಿಜ. ಆದರೆ ಪೇಟೆಯ ಬೆಲೆ ಏರಿದಾಗ ಅದು ಕೊಳ್ಳುವ ಅಕ್ಕಿ ತಾನಾಗಿಯೇ ಕಡಿಮೆಯಾಗುತ್ತದೆ. ಅದಕ್ಕೆ ಯಾವ ನಿರೀಕ್ಷಕರೂ ಹೊಣೆಯಲ್ಲ, ಯಾವ ಕಲಮೂ ಇಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಪಡಿತರಕ್ಕಾಗಿಯೇ ಹುಟ್ಟಿದಂತಿದೆ. ಪೂಜಾರಿಯನ್ನು ಶಿಕ್ಷಿಸುವ ಕಾಯಿದೆ ಇರಲೇಬೇಕು. ಅದಿಲ್ಲದಿದ್ದರೆ ಭಯವೇ ಉಳಿಯುವುದಿಲ್ಲ. ಆದರೆ ವರ ಎಷ್ಟು ಎಂದು ಭಕ್ತರಿಗೆ ಮೊದಲೇ ಗೊತ್ತಿರುವ ಕಡೆ ಪೂಜಾರಿಗೆ ಕದಿಯುವುದು ಕಷ್ಟ. ಹಲ್ಮಿಡಿಯ ಶಾಸನವನ್ನು ಬರೆಸಿದವರಿಗೆ ಇದು ತಿಳಿದಿದ್ದಂತೆ ಕಾಣುತ್ತದೆ. ಅವರು ಶಾಪವನ್ನಷ್ಟೇ ಕೆತ್ತಿಸಲಿಲ್ಲ. ಯಾರಿಗೆ ಏನು ಕೊಟ್ಟೆವು ಎಂಬುದನ್ನು ಮೊದಲು ಕೆತ್ತಿಸಿ, ಆ ಕಲ್ಲನ್ನು ಊರವರೆಲ್ಲ ನೋಡುವಂತೆ ನಿಲ್ಲಿಸಿದರು.